ಪದತ್ಯಾಗದ ಅರ್ಥ

‘ತ್ಯಾಗ’ವೆಂಬುದು ‘ತ್ಯಜ್’ ಧಾತುವಿನಿಂದ ಹುಟ್ಟಿದ ಶಬ್ದ; ಬಿಡುವುದು ಎಂದು ಅದರ ಮೂಲಾರ್ಥ. ಕನ್ನಡಕ್ಕೆ ಬಂದು ‘ಚಾಗ’ವೆಂದು ತದ್ಭವವಾದ ಮೇಲೆ ಕೊಡುವುದು ಎಂಬ ಅರ್ಥವೇ ಅದಕ್ಕೆ ಪ್ರಧಾನವಾಯಿತು. ಹಳಗನ್ನಡದಲ್ಲಿ ಚಾಗಿಯೆಂದರೆ ಮನೆಯನ್ನು ಬಿಟ್ಟುಹೋದವನಲ್ಲ, ಕೊಡುಗೈಯುಳ್ಳವನು. ಈ ಎರಡು ಅರ್ಥಗಳನ್ನೂ ಜೊತೆಗಿರಿಸಿಕೊಂಡಲ್ಲದೆ ಪದತ್ಯಾಗದ ಮರ್ಮವು ತಿಳಿಯದು. ಒಬ್ಬನು ಉನ್ನತವಾದ ಪದವಿಯನ್ನು ಬಿಟ್ಟನೆಂದು ಕೇಳಿದೊಡನೆ ಕೈಮುಗಿಯುವುದಕ್ಕಿಂತ ಮೊದಲು, ಬಿಟ್ಟದ್ದನ್ನು ಯಾರಿಗೆ ಕೊಟ್ಟನು ಎಂದು ವಿಚಾರಿಸಬೇಕು.

ಬಿಡುವುದಕ್ಕೂ ಕಳೆದುಕೊಳ್ಳುವುದಕ್ಕೂ ಇರುವ ಭೇದವನ್ನು ರಾಬರ್ಟ್‌ಸನ್‌ಪೇಟೆಯ ಜನರಿಗೆ ಹೇಳಿಕೊಡಬೇಕಾಗಿಲ್ಲ. ಊರಿನ ಹೆಸರೇ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಆಂಗ್ಲ ಅಧಿಕಾರಿಯೊಬ್ಬನದು. ಇಂದು ಆ ಹುದ್ದೆಯೂ ಇಲ್ಲ, ಅದನ್ನು ಸೃಷ್ಟಿಸಿದ ಸಾಮ್ರಾಜ್ಯವೂ ಇಲ್ಲ. 2001ನೆಯ ಇಸವಿ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದಾಗ ಮೇಲಧಿಕಾರಿಯ ಕುರ್ಚಿಯೂ ಸುರಂಗದ ಕೂಲಿಕಾರನ ದೀಪವೂ ಒಟ್ಟಿಗೇ ಹೋದವು. ಅದು ನಷ್ಟ. ಅದನ್ನು ತ್ಯಾಗವೆಂದು ಕರೆದರೆ ಅನ್ನ ಕಳೆದುಕೊಂಡವರನ್ನು ಅಣಕಿಸಿದಂತಾದೀತು. ಇರಿಸಿಕೊಳ್ಳಲು ಶಕ್ತಿಯಿದ್ದಾಗಲೇ ಬಿಟ್ಟದ್ದು ಮಾತ್ರ ತ್ಯಾಗ.

ಇದೇ ಕೋಲಾರದ ನೆಲದಲ್ಲಿ ಅಂಥದೊಂದು ಉದಾಹರಣೆಯುಂಟು. ‘ಕುವಳಾಲಪುರವರೇಶ್ವರ’ರೆಂದು ಬಿರುದು ಧರಿಸಿದ ಗಂಗರಲ್ಲಿ ಇಮ್ಮಡಿ ಮಾರಸಿಂಹನು ಅನೇಕ ಯುದ್ಧಗಳನ್ನು ಗೆದ್ದವನು. ಅವನು ಸುಮಾರು 974ರಲ್ಲಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನವ್ರತವನ್ನು ಕೈಗೊಂಡು ದೇಹವನ್ನು ಬಿಟ್ಟನೆಂದೂ, ರಾಜ್ಯವನ್ನು ಅದಕ್ಕೆ ಮೊದಲೇ ಬಿಟ್ಟಿದ್ದನೆಂದೂ ಶ್ರವಣಬೆಳಗೊಳದ ಕಂಬದ ಶಾಸನವು ಹೇಳುತ್ತದೆ. ಇದು ಜೈನರ ಮಾರ್ಗ, ಘನವಾದ ಮಾರ್ಗ. ಶರಣರ ಮಾರ್ಗವು ಬೇರೆ. ಅವರು ದೇಹವನ್ನು ಬಿಡದೆ, ಕಾಯಕದಲ್ಲಿ ಇದ್ದುಕೊಂಡೇ ಬಿಡುವುದನ್ನು ಕಲಿಸಿದರು.

ಕಲ್ಯಾಣದಲ್ಲಿ ಒಂದೇ ಕಾಲದಲ್ಲಿ ಇಬ್ಬರು ಅಧಿಕಾರವನ್ನು ಬಿಟ್ಟರು. ಚಾಲುಕ್ಯರ ಮಹಾಮಂಡಲೇಶ್ವರನಾಗಿದ್ದು ಅವರ ಸಿಂಹಾಸನವನ್ನೇ ಏರಿದ ಬಿಜ್ಜಳನು ಸುಮಾರು 1167ರಲ್ಲಿ ರಾಜ್ಯವನ್ನು ಮಗನಾದ ಸೋವಿದೇವನಿಗೆ ಒಪ್ಪಿಸಿದನು. ಅರಸುಮನೆತನಗಳ ವಾಡಿಕೆಯದು, ದೂಷಿಸಬೇಕಾದುದಲ್ಲ. ಆದರೂ ಅಲ್ಲಿ ಸಿಂಹಾಸನವು ಮನೆಯೊಳಗಿನ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಯಿತಷ್ಟೆ.

ಬಸವಣ್ಣನವರದು ಹಾಗಲ್ಲ. ಅವರು ಭಂಡಾರಿಗಳು, ರಾಜ್ಯದ ಹೊನ್ನೆಲ್ಲವೂ ಅವರ ಕೈಯಿಂದಲೇ ಹರಿಯುತ್ತಿತ್ತು. ಭಂಡಾರವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಚಾಡಿ ಹೇಳಿದವರ ಮಾತು ಕೇಳಿ ಲೆಕ್ಕ ನೋಡಿಸಿದರೆ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಪದವಿಯಲ್ಲಿದ್ದಾಗಲೇ ‘ಇದು ನನ್ನದು’ ಎಂಬುದನ್ನು ಬಿಟ್ಟವರಿಗೆ ಮುಂದೆ ಪದವಿಯನ್ನು ಬಿಡುವುದು ಕಷ್ಟವಾಗಲಿಲ್ಲ. ಮಧುವರಸ ಮತ್ತು ಹರಳಯ್ಯನವರಿಗೆ ಶಿಕ್ಷೆಯಾದ ಆ ಘೋರ ದಿನಗಳಲ್ಲಿ ಅವರು ಕಲ್ಯಾಣವನ್ನು ತೊರೆದು ಕೂಡಲಸಂಗಮಕ್ಕೆ ಹೊರಟರು.

ಇಲ್ಲಿ ಒಂದು ಆಕ್ಷೇಪವುಂಟು, ಅದನ್ನು ಮರೆಮಾಚಬಾರದು. ಬಸವಣ್ಣನವರು ಅಧಿಕಾರದಲ್ಲಿಯೇ ಉಳಿದಿದ್ದರೆ ಶರಣರಿಗೆ ಒಂದು ಆಸರೆ ಉಳಿಯುತ್ತಿರಲಿಲ್ಲವೆ? ಅವರು ಹೋದ ಮೇಲೆ ಬಿಜ್ಜಳನ ವಧೆಯಾಯಿತು, ಶರಣರು ದಿಕ್ಕುದಿಕ್ಕಿಗೆ ಚದುರಿದರು. ಇದಕ್ಕೆ ಉತ್ತರವಿಷ್ಟೆ: ಶಿಕ್ಷೆ ವಿಧಿಸಿದ ಅರಸನ ಮುದ್ರೆಯನ್ನು ಕೈಯಲ್ಲಿ ಹಿಡಿದವನು ಆ ಶಿಕ್ಷೆಯಲ್ಲಿ ಪಾಲುಗಾರನಾಗದೆ ಇರಲಾರನು. ತಡೆಯುವ ಶಕ್ತಿ ಹೋದ ಮೇಲೆ ಉಳಿಯುವುದು ಪದವಿಯ ಅಲಂಕಾರ ಮಾತ್ರ. ಚದುರಿಹೋದವರ ನೋವಿಗೆ ಈ ಉತ್ತರವು ಪೂರ್ಣ ಸಮಾಧಾನವಲ್ಲ ಎಂಬುದನ್ನೂ ಒಪ್ಪಬೇಕು.

ಅದಕ್ಕೂ ಮೊದಲಿನದೊಂದು ಪ್ರಸಂಗವಿದೆ. ಕಾಶ್ಮೀರದ ಅರಸುತನವನ್ನು ಬಿಟ್ಟು ಪತ್ನಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದವರು ಮೋಳಿಗೆಯ ಮಾರಯ್ಯನವರು. (ಕಾಶ್ಮೀರದ ರಾಜಾವಳಿಯಲ್ಲಿ ಅವರ ಹೆಸರನ್ನು ಹುಡುಕುವ ಗೊಡವೆ ಇಲ್ಲಿ ಬೇಡ, ಪರಂಪರೆಯು ನಂಬಿದ ಅರ್ಥವೇ ಮುಖ್ಯ.) ಮೋಳಿಗೆಯೆಂದರೆ ಕಟ್ಟಿಗೆಯ ಹೊರೆ, ಕಾಡಿನಿಂದ ಕಟ್ಟಿಗೆ ತಂದು ಮಾರಿ, ಬಂದುದರಿಂದ ಜಂಗಮದಾಸೋಹ ನಡೆಸುವುದು ಅವರ ಕಾಯಕ. ಒಮ್ಮೆ ಅವರು ಮನೆಯಲ್ಲಿಲ್ಲದ ವೇಳೆ ಬಸವಣ್ಣನವರು ಬಂದು, ಮಹಾದೇವಿಯಮ್ಮನವರು ನೀಡಿದ ಅಂಬಲಿಯನ್ನು ಸವಿದು, ಆ ಬಡತನವನ್ನು ಕಂಡು ಕರಗಿ, ಯಾರಿಗೂ ತಿಳಿಯದಂತೆ ಹೊನ್ನನ್ನು ಇರಿಸಿ ಹೋದರು. ಗುಡಿಸಲಲ್ಲಿ ದೊರೆತ ಹೊನ್ನು ರಾಜ್ಯದಷ್ಟೇ ಭಾರವಾದುದು. ರಾಜ್ಯವನ್ನು ಒಂದು ಸಲ ಬಿಟ್ಟವರಿಗೂ ಇದು ಎರಡನೆಯ ಪರೀಕ್ಷೆ. ಹೊತ್ತ ಹೊರೆಯನ್ನು ಇಳಿಸಿ ಒಳಗೆ ಬಂದ ಮಾರಯ್ಯನವರು ವಿಷಯವನ್ನು ತಿಳಿದು, ಜಂಗಮರನ್ನು ಕರೆಯಿಸಿ, ಆ ಹೊನ್ನನ್ನೆಲ್ಲ ಅವರಿಗೇ ಕೊಟ್ಟುಬಿಟ್ಟರು. ದಾಸೋಹಕ್ಕೆ ಎಂದಿನಂತೆ ಕಟ್ಟಿಗೆಯ ಹಣವೇ ಸಾಕಾಯಿತು.