ಬೋರ್ಡಿನಲ್ಲಿ ಗೆರೆ ಬಂದರೆ ಮೊದಲು ಏನು ನೋಡಬೇಕು?



ವಿನೈಲ್ ಪ್ರಿಂಟಿಂಗ್ ಘಟಕ ನಡೆಸುವ ಗುಂಪುಗಳಿಗೆ ಹೋದಾಗ ನಾವು ಹೆಚ್ಚಾಗಿ ಕೇಳುವ ಮಾತು, "ಸಿಸ್ಟರ್, ಪ್ರಿಂಟಿನಲ್ಲಿ ಗೆರೆ ಬರ್ತಾ ಇದೆ." ಹತ್ತು ಅಡಿ ಬೋರ್ಡು ಹಾಳಾದರೆ ವಿನೈಲೂ ಹೋಯ್ತು, ಇಂಕೂ ಹೋಯ್ತು, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಆರ್ಡರ್ ಹಾಕುವ ಮುಂಚೆ ನಾಝಲ್ ಚೆಕ್ ತೆಗೆಯಿರಿ.

ಅದರಲ್ಲಿ ಗೆರೆಗಳು ಕಡಿದಿದ್ದರೆ ಹೆಡ್‌ನ ಸಣ್ಣ ತೂತುಗಳಲ್ಲಿ ಇಂಕು ಕಟ್ಟಿಕೊಂಡಿರುತ್ತದೆ. ಸಾಧಾರಣ ಕ್ಲೀನಿಂಗ್ ಒಂದೆರಡು ಸಲ ಕೊಡಿ. ಸರಿಹೋಗಲಿಲ್ಲ ಅಂತ ಮತ್ತೆ ಮತ್ತೆ ಕೊಡಬೇಡಿ. ಪ್ರತಿ ಸಲವೂ ದುಡ್ಡು ಕೊಟ್ಟ ಇಂಕು ವೇಸ್ಟ್ ಬಾಟಲಿ ಸೇರುತ್ತದೆ. ಕ್ಯಾಪ್, ವೈಪರ್‌ಗಳನ್ನು ಕ್ಲೀನಿಂಗ್ ದ್ರಾವಣದಿಂದ ಒರೆಸಿ. ಹೆಡ್‌ನ ತಳ ಮಾತ್ರ ಮುಟ್ಟಬೇಡಿ.

ನಾಝಲ್ ಚೆಕ್ ಸರಿಯಿದ್ದೂ ಗೆರೆ ಬಂದರೆ ಹೆಚ್ಚಾಗಿ ಅದು ಫೀಡ್‌ನ ತೊಂದರೆ. ಬಿಳಿ ಗೆರೆಯಾದರೆ ವಿನೈಲ್ ಜಾಸ್ತಿ ಸರಿಯುತ್ತಿದೆ, ಗಾಢ ಗೆರೆಯಾದರೆ ಕಡಿಮೆ ಸರಿಯುತ್ತಿದೆ. ಸ್ವಲ್ಪ ಸ್ವಲ್ಪವೇ ಬದಲಿಸಿ, ಚಿಕ್ಕ ತುಂಡಿನಲ್ಲಿ ಹೊಡೆದು ನೋಡಿ.

ಮಳೆಗಾಲದಲ್ಲಿ ವಿನೈಲಿನ ಹಿಂದಿನ ಕಾಗದ ತೇವ ಹೀರಿ ಅಲೆ ಏಳುತ್ತದೆ, ಹೆಡ್‌ಗೆ ತಾಗುತ್ತದೆ. ಉಳಿದ ರೋಲನ್ನು ಕವರಿಗೆ ಹಾಕಿಯೇ ಇಡಿ. ಸಾಲ್ವೆಂಟ್ ಇಂಕಾದರೆ, ಗಿರಾಕಿ ಎಷ್ಟೇ ಅವಸರಿಸಿದರೂ ಲ್ಯಾಮಿನೇಷನ್‌ಗೆ ಮುಂಚೆ ಒಂದು ದಿನ ಒಣಗಲು ಬಿಡಿ.

ವಾಟ್ಸಾಪ್‌ನಲ್ಲಿ ಬಂದ ಫೋಟೋ ಮಸುಕಾದರೆ ಅದು ಮೆಷಿನ್ನಿನ ತಪ್ಪಲ್ಲ. ಮೂಲ ಫೋಟೋವನ್ನೇ ಕೇಳಿ ತರಿಸಿ.