ಹಳೆಯ ಜೀಪಿಗೆ ದೊಡ್ಡ ಡೀಸೆಲ್ ಇಂಜಿನ್: ಕೂರಿಸುವ ಮುನ್ನ ತಿಳಿಯಬೇಕಾದ ಸಂಗತಿಗಳು

ಜೋಯಿಡಾ, ದಾಂಡೇಲಿ ಕಡೆಯ ತೋಟಿಗರಿಗೆ ಜೀಪು ಷೋಕಿಯ ವಸ್ತುವಲ್ಲ. ಗೊಬ್ಬರ ಒಯ್ಯುವುದು, ಅಡಿಕೆ ಚೀಲ ತರುವುದು, ಮಳೆಗಾಲದ ರಾತ್ರಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸುವುದು ಎಲ್ಲವೂ ಅದರಿಂದಲೇ. ಹಳಿಯಾಳ, ಮುಂಡಗೋಡದಲ್ಲೂ ಹಳೆಯ ಜೀಪುಗಳು ಇನ್ನೂ ದುಡಿಯುತ್ತಿವೆ. ಇವಕ್ಕೆ ದೊಡ್ಡ ಡೀಸೆಲ್ ಇಂಜಿನ್ ಕೂರಿಸಬಹುದೇ ಎಂದು ಬೆಳೆಗಾರ ಬಾಂಧವರು ನಮ್ಮನ್ನು ಕೇಳುವುದುಂಟು. ಆ ವಿಷಯವನ್ನು ಇಲ್ಲಿ ಕ್ರಮವಾಗಿ ವಿಚಾರ ಮಾಡೋಣ.

ಮಹೀಂದ್ರ ಸಂಸ್ಥೆಯು 1947ರಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲಾರಂಭಿಸಿತು. ಅವುಗಳ 2.2 ಲೀಟರಿನ ಪೆಟ್ರೋಲ್ ಇಂಜಿನ್ ಮುಂದೆ ಸುಮಾರು 70 ಅಶ್ವಶಕ್ತಿ ಕೊಡುವಷ್ಟು ಸುಧಾರಿಸಿತು. 1973ರ ತೈಲ ಬಿಕ್ಕಟ್ಟಿನ ನಂತರ ಡೀಸೆಲ್ಲಿನತ್ತ ಎಲ್ಲರ ಕಣ್ಣು ಹೋಯಿತು. 1980ರ ದಶಕದ ಜೀಪುಗಳಿಗೆ ಬಂದ ಪ್ಯೂಜೊ ಮೂಲದ ಡೀಸೆಲ್ ಇಂಜಿನ್ 2112 ಸಿಸಿ, 62 ಅಶ್ವಶಕ್ತಿಯದು. ಗಾತ್ರ ಹೆಚ್ಚುಕಡಿಮೆ ಒಂದೇ, ಶಕ್ತಿ ಮಾತ್ರ ಕಡಿಮೆ. ಆದುದರಿಂದ 'ಡೀಸೆಲ್ ಎಂದರೆ ಹೆಚ್ಚು ಎಳೆತ' ಎಂಬ ಮಾತು ಪೂರ್ತಿ ನಿಜವಲ್ಲ. ಟರ್ಬೊ ಇಲ್ಲದ ಡೀಸೆಲ್ಲಿನ ನಿಜವಾದ ಲಾಭ ಇಂಧನದ ಉಳಿತಾಯ. ಎಳೆತ ಹೆಚ್ಚಬೇಕಾದರೆ ಗಾತ್ರವೂ ಹೆಚ್ಚಬೇಕು. ತೊಡಕು ಆರಂಭವಾಗುವುದೂ ಅಲ್ಲಿಂದಲೇ.

ಒಂದು ಸಣ್ಣ ಲೆಕ್ಕ ನೋಡಿ. ವಿಲ್ಲೀಸ್ ಮಾದರಿಯ ಮೂರು ಗೇರಿನ ಜೀಪಿನಲ್ಲಿ ಒಂದನೇ ಗೇರು 2.80, ಟ್ರಾನ್ಸ್‌ಫರ್ ಕೇಸಿನ ಲೋ ಗೇರು 2.46, ಆಕ್ಸಲ್ಲಿನ ಪ್ರಮಾಣ 5.38. ಮೂರನ್ನೂ ಗುಣಿಸಿದರೆ ಸುಮಾರು 37. ಅಂದರೆ ಇಂಜಿನ್ನಿನ ತಿರುಗುಬಲ 37 ಪಟ್ಟಾಗಿ ಆಕ್ಸಲ್‌ಗಳನ್ನು ತಲುಪುತ್ತದೆ. ತಿರುಗುಬಲ 15ರಿಂದ 20 ಕೆಜಿ-ಮೀಟರಿಗೆ ಏರಿತೆನ್ನಿ. ಆಕ್ಸಲ್‌ಗಳ ಮೇಲಿನ ಹೊರೆ 555ರಿಂದ 740ಕ್ಕೆ ಏರುತ್ತದೆ. ಹಳೆಯ ಗೇರ್ ಬಾಕ್ಸಿಗೂ ಆಕ್ಸಲ್ ಶಾಫ್ಟಿಗೂ ಇದು ದೊಡ್ಡ ಪರೀಕ್ಷೆ. ಕೆಸರಿನ ಏರಿನಲ್ಲಿ ಚೀಲ ಹೇರಿದಾಗಲೇ ಶಾಫ್ಟು ಮುರಿಯುವುದು ಇದೇ ಕಾರಣಕ್ಕೆ.

ಇನ್ನುಳಿದ ಸಂಗತಿಗಳು ಇವು:

1. ಡೀಸೆಲ್ ಇಂಜಿನ್ ಭಾರ ಹೆಚ್ಚು. ಮುಂದಿನ ಸ್ಪ್ರಿಂಗ್ ಪಾಟಾ, ಸ್ಟೀರಿಂಗ್, ಇಂಜಿನ್ ಮೌಂಟಿಂಗ್ ಎಲ್ಲವೂ ಬಲವಾಗಬೇಕು.

2. ಹಳೆಯ ಜೀಪಿನದು 9 ಇಂಚಿನ ಡ್ರಮ್ ಬ್ರೇಕು. ಭಾರ ಹೆಚ್ಚಿಸಿ ಬ್ರೇಕು ಹಾಗೆಯೇ ಬಿಟ್ಟರೆ ಘಟ್ಟ ಇಳಿಯುವಾಗ ಅಪಾಯ ಕಟ್ಟಿಟ್ಟದ್ದು.

3. ಪೆಟ್ರೋಲ್ ಇಂಜಿನ್ನಿನಂತೆ ಡೀಸೆಲ್ಲಿನ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಸಿಗದು. ವ್ಯಾಕ್ಯೂಮ್ ವೈಪರ್ ಅಥವಾ ಬ್ರೇಕ್ ಬೂಸ್ಟರ್ ಇದ್ದರೆ ಬೇರೆ ಪಂಪು ಬೇಕು.

4. ದೊಡ್ಡ ರೇಡಿಯೇಟರ್, 12 ವೋಲ್ಟಿನ ದೊಡ್ಡ ಬ್ಯಾಟರಿ, ಉಳಿದ ಡೀಸೆಲ್ ಟ್ಯಾಂಕಿಗೆ ಮರಳುವ ಕೊಳವೆ ಬೇಕು.

5. ಟ್ರ್ಯಾಕ್ಟರ್ ಮೂಲದ ಇಂಜಿನ್ ನಿಧಾನ ತಿರುಗುವಂಥದು. 5.38ರ ಆಕ್ಸಲ್ಲಿಗೆ ಜೋಡಿಸಿದರೆ ಹಳಿಯಾಳದ ನೇರ ರಸ್ತೆಯಲ್ಲೂ ಜೀಪು ತೆವಳೀತು.

ಕಾನೂನಿನ ಮಾತು ಇವೆಲ್ಲಕ್ಕಿಂತ ದೊಡ್ಡದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದು. ಸುಪ್ರೀಂ ಕೋರ್ಟು 2019ರ ಜನವರಿ 9ರ ತೀರ್ಪಿನಲ್ಲಿ ಇದನ್ನೇ ಎತ್ತಿಹಿಡಿಯಿತು. ಗ್ಯಾರೇಜಿನವರು 'ಎಲ್ಲರೂ ಮಾಡುತ್ತಾರೆ' ಎಂದಾರು. ಆದರೆ ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದು ಇಂಜಿನ್ ನಂಬರನ್ನು. ಹಿಂದೆ ಕುಳಿತ ಆಳುಗಳಿಗೆ ಪೆಟ್ಟಾದರೆ ಪರಿಹಾರದ ಹೊಣೆ ಮಾಲೀಕನ ತೋಟದ ಮೇಲೆಯೇ ಬಂದೀತು.

ಆದುದರಿಂದ ನಮ್ಮ ಸಲಹೆ ಇಷ್ಟೆ: ಮೊದಲು ಬ್ರೇಕು, ಸ್ಟೀರಿಂಗು, ಪಾಟಾ ಸರಿಪಡಿಸಿರಿ. ಬಳಿಕ ಇರುವ ಇಂಜಿನ್ನನ್ನೇ ಬೋರು ಮಾಡಿಸಿರಿ. ಅದು ಪೂರ್ತಿ ಹೋಗಿದ್ದರೆ ಅದೇ ತಯಾರಿಕೆಯ, ಅದೇ ಬಗೆಯ ಇಂಜಿನ್ ಹುಡುಕಿ, ಸಾರಿಗೆ ಕಚೇರಿಯ ಒಪ್ಪಿಗೆ ಕೈಗೆ ಬಂದ ಮೇಲೆಯೇ ಕೂರಿಸಿರಿ. ಏರು ಹತ್ತಲು 37 ಪಟ್ಟಿನ ಲೋ ಗೇರು ನಿಮ್ಮ ಜೀಪಿನಲ್ಲಿ ಈಗಾಗಲೇ ಇದೆ. ಹೇರು ಸ್ವಲ್ಪ ಇಳಿಸಿ, ಎರಡು ಸಲ ಓಡಾಡಿದರೆ ನಷ್ಟವೇನಿಲ್ಲ.