164, 161, 160: ಒಂದು ರೇಸ್ ಸೀಸನ್ನಿನ ಜಮಾ-ಖರ್ಚು



ಕಾರ್ ರೇಸ್ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ವೇಗ. ವಾಣಿಜ್ಯ ವಿಭಾಗದ ವಿದ್ಯಾರ್ಥಿಯಾದ ನನಗೆ ಅದರಲ್ಲಿ ಒಂದು ಲೆಕ್ಕದ ಪುಸ್ತಕವೂ ಕಾಣುತ್ತದೆ. ಜಮಾ, ಖರ್ಚು, ಬಾಕಿ ಎಂಬ ಪದಗಳು ನಮ್ಮ ಮನೆಯ ಉರ್ದುವಿನಲ್ಲೂ ಇವೆ, ಅಂಗಡಿಯ ಕನ್ನಡದಲ್ಲೂ ಇವೆ. ಈ ಮೂರು ಪದಗಳನ್ನು ಹಿಡಿದುಕೊಂಡು 2020ರ ಎಫ್‌ಐಎ ಫಾರ್ಮುಲಾ 3 ಚಾಂಪಿಯನ್‌ಶಿಪ್ಪನ್ನು ಓದೋಣ.

ಫಾರ್ಮುಲಾ 3 ಎಂದರೇನು?

ಒಬ್ಬರೇ ಕೂರುವ, ಚಕ್ರಗಳು ಹೊರಗೆ ಕಾಣುವ ರೇಸ್ ಕಾರುಗಳ ಸ್ಪರ್ಧೆ ಇದು. ಹುಡುಗರು ಚಿಕ್ಕಂದಿನಲ್ಲಿ ಕಾರ್ಟಿಂಗ್‌ನಿಂದ ಶುರು ಮಾಡಿ ಫಾರ್ಮುಲಾ 4, ಫಾರ್ಮುಲಾ 3, ಫಾರ್ಮುಲಾ 2 ಎಂದು ಒಂದೊಂದೇ ಮೆಟ್ಟಿಲು ಹತ್ತುತ್ತಾರೆ. ಕೊನೆಯ ಮೆಟ್ಟಿಲು ಫಾರ್ಮುಲಾ 1. ನಮ್ಮ ಬೆಂಗಳೂರಿನ ಕುಶ್ ಮೈನಿ ಅವರೂ 2022ರಲ್ಲಿ ಫಾರ್ಮುಲಾ 3ರಲ್ಲಿ ಸ್ಪರ್ಧಿಸಿ, ಮರುವರ್ಷ ಫಾರ್ಮುಲಾ 2ಕ್ಕೆ ಏರಿದರು.

ಫಾರ್ಮುಲಾ 1ರಲ್ಲಿ ಪ್ರತಿ ತಂಡವೂ ತನ್ನದೇ ಕಾರು ತಯಾರಿಸುತ್ತದೆ. ಫಾರ್ಮುಲಾ 3ರಲ್ಲಿ ಹಾಗಿಲ್ಲ. 2020ರಲ್ಲಿ 10 ತಂಡಗಳಿದ್ದವು, ಪ್ರತಿ ತಂಡಕ್ಕೆ 3 ಕಾರು, ಒಟ್ಟು 30. ಎಲ್ಲರಿಗೂ ಇಟಲಿಯ ದಲ್ಲಾರಾ ಕಂಪನಿಯ ಒಂದೇ ಮಾದರಿಯ ಕಾರು, ಮೆಕಾಕ್ರೋಮ್ ಕಂಪನಿಯ 3.4 ಲೀಟರ್ ವಿ6 ಎಂಜಿನ್, ಪಿರೆಲ್ಲಿ ಟೈರು. ಒಂದು ಸೀಸನ್ ಓಡಲು ಕೋಟಿಗಟ್ಟಲೆ ಹಣ ಬೇಕು ಎಂಬುದು ನಿಜ. ಆದರೆ ಹಣ ಹೆಚ್ಚಿದೆ ಎಂದು ಹೆಚ್ಚು ಶಕ್ತಿಯ ಎಂಜಿನ್ ಕೊಳ್ಳಲು ಆಗುವುದಿಲ್ಲ. ವ್ಯತ್ಯಾಸ ಬರುವುದು ಚಾಲಕನಿಂದ ಮತ್ತು ತಂಡವು ಕಾರನ್ನು ಹೊಂದಿಸುವ ರೀತಿಯಿಂದ.

ಅಂಕಗಳು ಹೇಗೆ ಜಮಾ ಆಗುತ್ತವೆ?

ಆ ವರ್ಷ ಪ್ರತಿ ವಾರಾಂತ್ಯಕ್ಕೆ ಎರಡು ರೇಸ್. ಮೊದಲ ರೇಸಿನ ಮೊದಲ ಹತ್ತು ಸ್ಥಾನಗಳಿಗೆ 25, 18, 15, 12, 10, 8, 6, 4, 2, 1 ಅಂಕ. ಎರಡನೇ ರೇಸಿಗೆ ಈ ಹತ್ತು ಜನರನ್ನು ತಿರುವುಮುರುವು ನಿಲ್ಲಿಸುತ್ತಿದ್ದರು: ಹತ್ತನೆಯವರು ಎಲ್ಲರಿಗಿಂತ ಮುಂದೆ, ಗೆದ್ದವರು ಹತ್ತನೇ ಜಾಗದಲ್ಲಿ. ಅದರ ಅಂಕಗಳು 15, 12, 10, 8, 6, 5, 4, 3, 2, 1. ಮೊದಲ ಜಾಗದಿಂದ ಹೊರಡುವ ಅರ್ಹತೆ, ಅಂದರೆ ಪೋಲ್ ಪೊಸಿಷನ್ ಪಡೆದವರಿಗೆ ಪ್ರತ್ಯೇಕವಾಗಿ 4 ಅಂಕ.

ಕೊರೋನಾದ ಕಾರಣ ಇಡೀ ಸೀಸನ್ ಜುಲೈ ಮೊದಲ ವಾರದಿಂದ ಸೆಪ್ಟೆಂಬರ್ 13ರ ಒಳಗೆ ಮುಗಿಯಿತು. 9 ಸುತ್ತು, 18 ರೇಸ್.

ಕೊನೆಯ ಪುಟ: ಮುಗೆಲ್ಲೊ

ಕೊನೆಯ ಸುತ್ತು ಇಟಲಿಯ ಮುಗೆಲ್ಲೊದಲ್ಲಿ. ಅಲ್ಲಿಗೆ ಬರುವಾಗ ಆಸ್ಟ್ರೇಲಿಯಾದ ಆಸ್ಕರ್ ಪಿಯಾಸ್ಟ್ರಿ 8 ಅಂಕ ಮುಂದಿದ್ದರು. ಮೊದಲ ರೇಸಿನಲ್ಲಿ ಅವರಿಗೆ 11ನೇ ಸ್ಥಾನ ಸಿಕ್ಕಿತು, ಜಮಾ ಸೊನ್ನೆ. ಅದೇ ಪ್ರೆಮಾ ತಂಡದ ಅಮೆರಿಕದ ಲೋಗನ್ ಸಾರ್ಜೆಂಟ್ ಬಂದು ಸಮವಾದರು. ಕೊನೆಯ ರೇಸಿಗೆ ಮುಂಚಿನ ಬಾಕಿ ಹೀಗಿತ್ತು: ಪಿಯಾಸ್ಟ್ರಿ 160, ಸಾರ್ಜೆಂಟ್ 160, ಫ್ರಾನ್ಸಿನ ಥಿಯೊ ಪೂರ್ಶೇರ್ 151. ಪೂರ್ಶೇರ್‌ಗೆ ಆಗಷ್ಟೇ 17 ವರ್ಷ ತುಂಬಿತ್ತು, ಅಂದರೆ ನಮ್ಮ ವಯಸ್ಸು.

ಮೊದಲ ಲ್ಯಾಪಿನಲ್ಲೇ ಸಾರ್ಜೆಂಟ್ ಕಾರು ಇನ್ನೊಂದು ಕಾರಿಗೆ ತಾಗಿ ಅವರ ರೇಸ್ ಮುಗಿದುಹೋಯಿತು. ಪೂರ್ಶೇರ್ ಮೂರನೆಯವರಾಗಿ 10 ಅಂಕ ಪಡೆದರು, ಒಟ್ಟು 161. ಪಿಯಾಸ್ಟ್ರಿ 11ನೇ ಜಾಗದಿಂದ ಹೊರಟು 7ನೆಯವರಾಗಿ ಮುಗಿಸಿದರು. ಸಿಕ್ಕಿದ್ದು 4 ಅಂಕ, ಒಟ್ಟು 164. ಅವರೇ ಚಾಂಪಿಯನ್. ಆ 4 ಅಂಕ ಇಲ್ಲದಿದ್ದರೆ ಪಟ್ಟ ಪೂರ್ಶೇರ್ ಪಾಲಾಗುತ್ತಿತ್ತು.

ಲೆಕ್ಕ ಏನು ಹೇಳುತ್ತದೆ?

ಪಿಯಾಸ್ಟ್ರಿ ಇಡೀ ಸೀಸನ್ನಿನಲ್ಲಿ ಒಂದು ಪೋಲ್ ಕೂಡ ಪಡೆಯಲಿಲ್ಲ. ಗೆದ್ದಿದ್ದು 18ರಲ್ಲಿ 2 ರೇಸ್ ಮಾತ್ರ. ನ್ಯೂಜಿಲೆಂಡಿನ ಲಿಯಾಮ್ ಲಾಸನ್ ಮುಗೆಲ್ಲೊದ ಕೊನೆಯ ರೇಸೂ ಸೇರಿ 3 ಗೆದ್ದರು, ಆದರೂ ಐದನೇ ಸ್ಥಾನಕ್ಕೆ ನಿಂತರು. ಏಳನೇ ಸ್ಥಾನಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಆದರೆ ಅದೂ ಜಮಾ ಆಗುತ್ತದೆ. ಪರೀಕ್ಷೆಯಲ್ಲಿ ದೊಡ್ಡ ಪ್ರಶ್ನೆಗೆ ಮಾತ್ರ ಓದಿ ಒಂದು ಅಂಕದ ಪ್ರಶ್ನೆಗಳನ್ನು ಬಿಟ್ಟುಬಿಡುವವರು ಇದನ್ನು ಗಮನಿಸಬೇಕು.

ಇನ್ನೊಂದು ಮಾತೂ ಇದೆ. ಫಾರ್ಮುಲಾ 1 ಓಡಿಸಲು ಸೂಪರ್ ಲೈಸೆನ್ಸ್ ಬೇಕು, ಅದಕ್ಕೆ 40 ಅಂಕ ಕೂಡಿಸಬೇಕು. ಫಾರ್ಮುಲಾ 3ರ ಚಾಂಪಿಯನ್ನಿಗೆ ಅದರಲ್ಲಿ 30, ಎರಡನೆಯವರಿಗೆ 20, ಮೂರನೆಯವರಿಗೆ 15. ರೇಸ್ ಪಟ್ಟಿಯಲ್ಲಿ ಮೊದಲನೆಯವರಿಗೂ ಮೂರನೆಯವರಿಗೂ ಇದ್ದ ವ್ಯತ್ಯಾಸ 4. ಲೈಸೆನ್ಸ್ ಲೆಕ್ಕದಲ್ಲಿ ಅದು 15 ಆಯಿತು. ರ‍್ಯಾಂಕ್ ನೋಡಿ ಸೀಟು ಕೊಡುವ ಕಡೆಯೆಲ್ಲ ಹೀಗೆಯೇ, ಅರ್ಧ ಅಂಕಕ್ಕೂ ದೊಡ್ಡ ಬೆಲೆ.

ಆದರೆ ಲೆಕ್ಕದ ಪುಸ್ತಕ ಎಲ್ಲವನ್ನೂ ಹೇಳುವುದಿಲ್ಲ. ಸಾರ್ಜೆಂಟ್ ಹೆಸರಿನ ಮುಂದೆ ಸೊನ್ನೆ ಇದೆ, ಆ ಸೊನ್ನೆ ಹೇಗೆ ಬಂತು ಎಂಬುದು ಅಲ್ಲಿಲ್ಲ. ಮುಂದಿನ ಕಥೆಯೂ ಪಟ್ಟಿಯ ಪ್ರಕಾರ ನಡೆಯಲಿಲ್ಲ. ಪಿಯಾಸ್ಟ್ರಿ 2021ರಲ್ಲಿ ಫಾರ್ಮುಲಾ 2 ಗೆದ್ದು 2023ರಲ್ಲಿ ಮೆಕ್‌ಲಾರೆನ್ ಸೇರಿದರು. ಮೂರನೆಯವರಾಗಿದ್ದ ಸಾರ್ಜೆಂಟ್ ಕೂಡ ಅದೇ ವರ್ಷ ವಿಲಿಯಮ್ಸ್ ತಂಡದಿಂದ ಫಾರ್ಮುಲಾ 1ಕ್ಕೆ ಬಂದರು, 2024ರ ಮಧ್ಯದಲ್ಲಿ ಆ ಜಾಗ ಕಳೆದುಕೊಂಡರು. ಪೂರ್ಶೇರ್ 2023ರಲ್ಲಿ ಫಾರ್ಮುಲಾ 2 ಚಾಂಪಿಯನ್ ಆದರು, ಆದರೆ ಮರುವರ್ಷ ಅವರಿಗೆ ಫಾರ್ಮುಲಾ 1ರಲ್ಲಿ ರೇಸ್ ಸೀಟು ಸಿಗಲಿಲ್ಲ. ಆಗ ಅಲ್ಲಿದ್ದುದೇ 20 ಸೀಟು. ಅರ್ಹತೆ ಸಂಪಾದಿಸುವುದು ನಮ್ಮ ಕೈಯಲ್ಲಿದೆ, ಸೀಟು ಖಾಲಿ ಇರುವುದು ನಮ್ಮ ಕೈಯಲ್ಲಿಲ್ಲ. ಹಾಗೆಂದು ಅರ್ಹತೆ ಬಿಟ್ಟವರಿಗೆ ಸೀಟು ಖಾಲಿಯಾದರೂ ಪ್ರಯೋಜನವಿಲ್ಲ.

ಅಭ್ಯಾಸಕ್ಕೆ

1. ಕೊನೆಯ ರೇಸಿನಲ್ಲಿ ಪೂರ್ಶೇರ್ ಎರಡನೆಯವರಾಗಿದ್ದರೆ ಒಟ್ಟು ಅಂಕ ಎಷ್ಟಾಗುತ್ತಿತ್ತು? ಪಟ್ಟ ಸಿಗುತ್ತಿತ್ತೇ?
2. ಪಿಯಾಸ್ಟ್ರಿ 7ರ ಬದಲು 10ನೆಯವರಾಗಿದ್ದರೆ ಪಟ್ಟಿ ಹೇಗಿರುತ್ತಿತ್ತು?

ಮೇಲಿನ ಅಂಕಗಳಿಂದಲೇ ಉತ್ತರ ಸಿಗುತ್ತದೆ. ಬಿಡುವಿನ ವೇಳೆಯಲ್ಲಿ ಮಾಡಿ ನೋಡಿ.